ತೆರೆಯ ಬೆನ್ನೇರಿದ ಡ್ಯೂಕ್

೧೯೨೫ನೆಯ ಇಸವಿ ಜೂನ್ ತಿಂಗಳ ೧೪ನೆಯ ತಾರೀಖು, ಭಾನುವಾರ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ತೀರದಲ್ಲಿರುವ ನ್ಯೂಪೋರ್ಟ್ ಬಂದರಿನ ಬಾಯಿಯಲ್ಲಿ ಅಂದು ಬೆಳಗ್ಗೆ ಕಡಲು ಕೆರಳಿ ನಿಂತಿತ್ತು. ಮೀನಿನ ಬೇಟೆಯ ವಿನೋದಕ್ಕೆಂದು ಹೊರಟವರನ್ನು ಹೊತ್ತ 'ಥೆಲ್ಮಾ' ಎಂಬ ದೋಣಿ ಆ ಬಾಯಿಯನ್ನು ದಾಟುತ್ತಿತ್ತು. ಅಳಿವೆಯ ಬಾಯಿ ಎಂಥ ಅಪಾಯದ ಸ್ಥಳವೆಂಬುದನ್ನು ಕನ್ನಡ ಕರಾವಳಿಯ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ತೆರೆ ದೋಣಿಯನ್ನು ಅಡ್ಡಕ್ಕೆ ತಿರುಗಿಸಿತು. ಹಿಂದೆಯೇ ಬಂದ ತೆರೆ ಅದನ್ನು ಮಗುಚಿಹಾಕಿತು. ದೋಣಿಯಲ್ಲಿದ್ದ ೨೯ ಜನರೂ ನೊರೆಗಟ್ಟಿ ಕುದಿಯುತ್ತಿದ್ದ ನೀರಿನ ಪಾಲಾದರು. ಮೈಮೇಲೆ ದಪ್ಪನೆಯ ಉಡುಪು, ಕಾಲಲ್ಲಿ ಬೂಟು. ಈಜು ಬಲ್ಲವರಿಗೂ ಕೈಕಾಲು ಆಡದಂಥ ಸ್ಥಿತಿ.

ಆ ದಡದಲ್ಲಿ ಕೆಲವರು ಗೆಳೆಯರು ಬೀಡುಬಿಟ್ಟಿದ್ದರು. ಕಡಲ ತೆರೆಯ ಮೇಲೆ ಹಲಗೆಯಿಟ್ಟು ಜಾರುವುದು ಅವರ ವಿನೋದ. ಅವರಲ್ಲೊಬ್ಬ ಆರಡಿಗೂ ಮೀರಿದ ಎತ್ತರದ, ಕಂದುಬಣ್ಣದ, ಮಾತು ಕಡಿಮೆಯಾದ ಮನುಷ್ಯ. ದೋಣಿ ಮಗುಚಿದುದನ್ನು ಕಂಡೊಡನೆ ಆತ ಹಲಗೆಯನ್ನೆತ್ತಿಕೊಂಡು ನೀರಿಗೆ ಹಾರಿದನು. ಹಲಗೆಯ ಮೇಲೆ ಬೋರಲಾಗಿ ಮಲಗಿ, ಎರಡೂ ಕೈಗಳಿಂದ ನೀರನ್ನು ತಳ್ಳುತ್ತ, ಎದುರಾದ ತೆರೆಗಳನ್ನು ಭೇದಿಸಿ ಮುಳುಗುತ್ತಿದ್ದವರ ನಡುವೆ ಹೋದನು. ಕೈಗೆ ಸಿಕ್ಕಿದವರನ್ನು ಹಲಗೆಗೆ ಹತ್ತಿಸಿ ದಡಕ್ಕೆ ತಂದನು. ಮತ್ತೆ ಹೋದನು, ಮತ್ತೆ ತಂದನು. ಮೂರು ಬಾರಿ ಹೋಗಿ ಬರುವಷ್ಟರಲ್ಲಿ ಎಂಟು ಜನರ ಪ್ರಾಣ ಉಳಿದಿತ್ತು. ಆತನ ಗೆಳೆಯರು ಉಳಿದ ನಾಲ್ವರನ್ನು ಎಳೆತಂದರು. ೧೭ ಜನ ಕಡಲಿಗೆ ಆಹುತಿಯಾದರು. ಮನುಷ್ಯಶಕ್ತಿಗೆ ಮೀರಿದ ಕಾರ್ಯವಿದು ಎಂದು ನ್ಯೂಪೋರ್ಟಿನ ಪೋಲೀಸು ಮುಖ್ಯಸ್ಥನು ಪತ್ರಿಕೆಯವರಿಗೆ ಹೇಳಿದನು. ಆ ಮನುಷ್ಯನನ್ನು ಕೇಳಿದರೆ, ಹೇಗೆ ಮಾಡಿದೆನೆಂಬುದು ತನಗೇ ತಿಳಿಯದು, ಹಲಗೆಯಿಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲ ಎಂಬ ಅರ್ಥದ ಎರಡು ಮಾತನಾಡಿ ಸುಮ್ಮನಾದನು.

ಆತನ ಹೆಸರು ಡ್ಯೂಕ್ ಕಹಾನಮೋಕು. ಒಲಿಂಪಿಕ್ ಪಂದ್ಯಗಳಲ್ಲಿ ಮೂರು ಚಿನ್ನ ಎರಡು ಬೆಳ್ಳಿಯ ಪದಕಗಳನ್ನು ಆ ವೇಳೆಗಾಗಲೇ ಗೆದ್ದಿದ್ದವನು. ಇಂದು ಜಗತ್ತಿನ ಕಡಲತೀರಗಳಲ್ಲಿ ತರುಣ ತರುಣಿಯರು ಆಡುತ್ತಿರುವ 'ಸರ್ಫಿಂಗ್' ಎಂಬ ತೆರೆಸವಾರಿಯನ್ನು ತನ್ನ ದ್ವೀಪದಿಂದ ಹೊರನಾಡಿಗೆ ಕೊಂಡೊಯ್ದವರಲ್ಲಿ ಆತನೇ ಅಗ್ರಗಣ್ಯನು.

'ಡ್ಯೂಕ್' ಎಂಬುದು ಬಿರುದಲ್ಲ. ಆತ ಅರಸುಮಗನೆಂದು ಬಗೆದು ಅತಿವಿನಯದಿಂದ ಮಾತನಾಡಿಸಿದವರೂ ಉಂಟು. ೧೮೬೯ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯ ರಾಣಿಯ ಮಗನಾದ ಎಡಿನ್‌ಬರೊದ ಡ್ಯೂಕ್ ಹವಾಯಿ ದ್ವೀಪಗಳಿಗೆ ಭೇಟಿ ಕೊಟ್ಟಿದ್ದನು. ಆ ಸಂದರ್ಭದಲ್ಲಿ ಹುಟ್ಟಿದ ಗಂಡುಮಗುವೊಂದಕ್ಕೆ ಅದೇ ಹೆಸರಿಟ್ಟರು. ಆ ಮಗು ಬೆಳೆದು ಹೊನೊಲುಲುವಿನಲ್ಲಿ ಪೋಲೀಸು ಕೆಲಸಕ್ಕೆ ಸೇರಿತು. ೧೮೯೦ರ ಆಗಸ್ಟ್ ೨೪ರಂದು ಹುಟ್ಟಿದ ತನ್ನ ಹಿರಿಯ ಮಗನಿಗೂ ಅದೇ ಹೆಸರನ್ನು ಕೊಟ್ಟಿತು. ಹೀಗೆ ಪೋಲೀಸಿನವನ ಮಗ 'ಡ್ಯೂಕ್' ಆದನು.

ಬಾಲಕನಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ೧೮೯೩ರ ಜನವರಿಯಲ್ಲಿ ಹವಾಯಿಯ ರಾಣಿ ಲಿಲಿಉಓಕಲಾನಿಯನ್ನು ಸಿಂಹಾಸನದಿಂದ ಇಳಿಸಲಾಯಿತು. ಹಾಗೆ ಇಳಿಸಿದವರು ಬಹುಮಟ್ಟಿಗೆ ಬಿಳಿಯ ವರ್ತಕರು, ಸಕ್ಕರೆ ತೋಟಗಳ ಒಡೆಯರು. ಅವರ ಬೆಂಬಲಕ್ಕೆ ಅಮೆರಿಕದ ನೌಕಾಸೈನಿಕರು ದಡಕ್ಕಿಳಿದಿದ್ದರು. ೧೮೯೮ರಲ್ಲಿ ದ್ವೀಪಗಳು ಅಮೆರಿಕದ ವಶವಾದವು. ಡ್ಯೂಕನು ಮುಂದೆ ಯಾವ ಧ್ವಜದಡಿಯಲ್ಲಿ ಈಜಿ ಗೆದ್ದನೋ ಅದು ಆತ ಹುಟ್ಟಿದಾಗ ಆತನ ನಾಡಿನ ಧ್ವಜವಾಗಿರಲಿಲ್ಲ. ಈ ಸಂಗತಿಯನ್ನು ಮರೆತರೆ ಆತನ ಜೀವನ ಅರ್ಧ ಮಾತ್ರ ಅರ್ಥವಾಗುತ್ತದೆ.

ತೆರೆಸವಾರಿಯ ಕಥೆ ಇದಕ್ಕಿಂತಲೂ ಹಳೆಯದು. ಹವಾಯಿಯ ಜನ ಅದನ್ನು 'ಹೆಎ ನಲು' ಎಂದು ಕರೆಯುತ್ತಿದ್ದರು; 'ನಲು' ಎಂದರೆ ತೆರೆ, 'ಹೆಎ' ಎಂದರೆ ಜಾರುವುದು. ಗಂಡಸರು, ಹೆಂಗಸರು, ಮಕ್ಕಳು, ಅರಸರು, ಆಳುಗಳು, ಎಲ್ಲರೂ ತೆರೆಯೇರುತ್ತಿದ್ದರು. ಮರ ಕಡಿಯುವ ಮೊದಲು ಬೇರಿನ ಬಳಿ ಕೆಂಪು ಮೀನನ್ನು ನೈವೇದ್ಯವಾಗಿ ಇಡುವ ಪದ್ಧತಿಯಿತ್ತು. ನಾಯಕರ ಹಲಗೆ 'ಓಲೊ'; ಅದು ಉದ್ದ, ಭಾರ, ಗೌರವದ ಕುರುಹು. ಸಾಮಾನ್ಯರದು 'ಅಲಾಯ' ಎಂಬ ತೆಳುವಾದ ಗಿಡ್ಡ ಹಲಗೆ. ಕ್ಯಾಪ್ಟನ್ ಕುಕ್ಕನ ಹಡಗುಗಳು ೧೭೭೮ರಲ್ಲಿ ಹವಾಯಿಯನ್ನು ಮುಟ್ಟಿದವು. ಮರುವರ್ಷ ಕುಕ್ಕನು ಅಲ್ಲಿಯೇ ಹತನಾದ ಬಳಿಕ, ಆತನ ಅಧಿಕಾರಿ ಜೇಮ್ಸ್ ಕಿಂಗ್ ಎಂಬವನು ಈ ಆಟವನ್ನು ಬೆರಗಿನಿಂದ ವರ್ಣಿಸಿ ದಿನಚರಿಯಲ್ಲಿ ಬರೆದಿಟ್ಟನು. ಐರೋಪ್ಯರು ಸಾಯುವೆವೆಂದು ಅಂಜುವ ತೆರೆಯಲ್ಲಿ ಈ ಜನ ಸುಖಿಸುತ್ತಾರಲ್ಲ ಎಂಬುದೇ ಆತನ ವಿಸ್ಮಯ.

ಹಡಗುಗಳ ಹಿಂದೆಯೇ ಹೊರನಾಡಿನ ರೋಗಗಳು ಬಂದವು. ನೂರು ವರ್ಷಗಳಲ್ಲಿ ಹವಾಯಿಯ ಮೂಲಜನರ ಸಂಖ್ಯೆ ಭಯಂಕರವಾಗಿ ಇಳಿಯಿತು. ೧೮೨೦ರಿಂದ ಬಂದ ಪಾದ್ರಿಗಳಿಗೆ ಅರೆಬೆತ್ತಲೆಯ ಈ ಆಟ ಹಿಡಿಸಲಿಲ್ಲ. ಅವರೇ ಅದನ್ನು ಕೊಂದರೆಂದು ಹೇಳುವುದು ವಾಡಿಕೆ. ಆದರೆ ಆಡುವವರೇ ಸತ್ತುಹೋದ ಮೇಲೆ ಆಟ ಉಳಿಯುವುದೆಂತು? ಆದರೂ ಅದು ಪೂರ್ತಿ ಅಳಿಯಲಿಲ್ಲ. ೧೮೮೫ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಓದುತ್ತಿದ್ದ ಹವಾಯಿಯ ಮೂವರು ರಾಜಕುಮಾರರು ಅಲ್ಲಿಯ ಸಾಂತಾಕ್ರೂಜ್ ಎಂಬಲ್ಲಿ ಕೆಂಪು ಮರದ ಹಲಗೆಗಳನ್ನು ಮಾಡಿಸಿಕೊಂಡು ತೆರೆಯೇರಿದ್ದರು. ವೈಕಿಕಿ ಎಂಬ ಹೊನೊಲುಲುವಿನ ಕಡಲತೀರದಲ್ಲಿಯೂ ಕೆಲವು ಕುಟುಂಬಗಳು ಅದನ್ನು ಬಿಟ್ಟಿರಲಿಲ್ಲ. ಡ್ಯೂಕ್ ಮತ್ತು ಆತನ ತಮ್ಮಂದಿರು ಬೆಳೆದುದು ಆ ತೀರದಲ್ಲಿ.

ತೆರೆಯೇರುವುದೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ದಡಕ್ಕೆ ಬಂದು ಒಡೆಯುವ ತೆರೆ ಆ ದಡದಲ್ಲಿ ಹುಟ್ಟಿದ್ದಲ್ಲ. ಸಾವಿರಾರು ಮೈಲು ಆಚೆ ಎಲ್ಲಿಯೋ ಬಿರುಗಾಳಿ ಕಡಲನ್ನು ಕಲಕುತ್ತದೆ. ಆ ಕಲಕು ಉಬ್ಬರದ ಸಾಲುಗಳಾಗಿ ದಿನಗಟ್ಟಲೆ ಪ್ರಯಾಣ ಮಾಡುತ್ತದೆ. ನೀರು ಪ್ರಯಾಣ ಮಾಡುವುದಿಲ್ಲ, ಅದರ ಚಲನೆ ಮಾತ್ರ ಸಾಗುತ್ತದೆ. ಆಳ ಕಡಿಮೆಯಾದಂತೆ ತೆರೆಯ ಕೆಳಭಾಗ ನೆಲಕ್ಕೆ ತಾಗಿ ನಿಧಾನವಾಗುತ್ತದೆ. ಮೇಲ್ಭಾಗ ಮುಂದೆ ನುಗ್ಗುತ್ತದೆ. ತೆರೆ ಕಡಿದಾಗಿ ಎದ್ದು, ನೆತ್ತಿ ಬಾಗಿ, ಒಡೆದುಬೀಳುತ್ತದೆ. ಹಾಗೆ ಎದ್ದು ಬೀಳುವುದರ ನಡುವಿನ ಕೆಲವು ಗಳಿಗೆಗಳೇ ಸವಾರನ ಪಾಲಿನ ಭೂಮಿ. ಹಲಗೆಯ ಮೇಲೆ ಮಲಗಿ ಕೈಯಿಂದ ನೀರೆಳೆದು ತೆರೆಯ ವೇಗಕ್ಕೆ ಸಮನಾಗಬೇಕು. ಹಲಗೆಯ ಹಿಂಭಾಗ ಎತ್ತಿಕೊಂಡಿತೆಂದು ಬೆನ್ನಿಗೆ ಗೊತ್ತಾದೊಡನೆ ಎದ್ದು ನಿಲ್ಲಬೇಕು. ಅರೆಗಳಿಗೆ ಮುಂಚೆ ಎದ್ದರೆ ತೆರೆ ಬಿಟ್ಟುಹೋಗುತ್ತದೆ, ತಡವಾದರೆ ತಲೆಕೆಳಗು. ಈ ವಿದ್ಯೆಗೆ ಪುಸ್ತಕವಿಲ್ಲ. ಬಲ್ಲವನು ಪಕ್ಕದಲ್ಲಿದ್ದು ಮಾಡಿ ತೋರಿಸಬೇಕು. ಡ್ಯೂಕನ ಹಿರಿಮೆಯಿರುವುದು ಇಲ್ಲಿಯೇ. ಆತ ಹೋದಲ್ಲೆಲ್ಲ ಮಾಡಿ ತೋರಿಸಿದನು.

ಆದರೆ ಜಗತ್ತಿಗೆ ಆತನ ಪರಿಚಯವಾದುದು ಈಜಿನಿಂದ. ೧೯೧೧ರ ಆಗಸ್ಟ್ ೧೧ರಂದು ಹೊನೊಲುಲು ಬಂದರಿನಲ್ಲಿ ಈಜಿನ ಸ್ಪರ್ಧೆ ಏರ್ಪಟ್ಟಿತು. ಈಜುಕೊಳವಿಲ್ಲ, ಹಡಗುಕಟ್ಟೆಗಳ ನಡುವಿನ ಉಪ್ಪುನೀರೇ ಕಣ. ನೂರು ಗಜ ದೂರವನ್ನು ಡ್ಯೂಕನು ೫೫.೪ ಸೆಕೆಂಡುಗಳಲ್ಲಿ ಮುಗಿಸಿದನು. ಅಂದಿದ್ದ ದಾಖಲೆಗಿಂತ ೪.೬ ಸೆಕೆಂಡು ಕಡಿಮೆ! ನೂರು ಗಜದ ಈಜಿನಲ್ಲಿ ಅರ್ಧ ಸೆಕೆಂಡು ಕಡಿಮೆಮಾಡುವುದೇ ದೊಡ್ಡ ಮಾತು. ನ್ಯೂಯಾರ್ಕಿನಲ್ಲಿದ್ದ ಕ್ರೀಡಾಸಂಘದ ಅಧಿಕಾರಿಗಳಿಗೆ ನಂಬಿಕೆ ಬರಲಿಲ್ಲ. ಗಡಿಯಾರ ಹಿಡಿದವರು ಅಲಾರಂ ಗಡಿಯಾರ ಹಿಡಿದಿದ್ದರೋ ಏನೋ ಎಂಬ ಕುಹಕ ಕೇಳಿಬಂತು. ನೀರಿನ ಸೆಳೆತ ನೆರವಾಗಿರಬೇಕೆಂದರು. ದಾಖಲೆಯನ್ನು ಮನ್ನಿಸಲಿಲ್ಲ. ಎಲ್ಲಿಯೋ ಒಂದು ದ್ವೀಪದ ಕಂದುಬಣ್ಣದ ಹುಡುಗ, ಯಾವ ಶಿಕ್ಷಕನ ಬಳಿಯೂ ಕಲಿಯದವನು ಇಷ್ಟು ವೇಗವಾಗಿ ಈಜಬಹುದೆಂಬುದನ್ನು ಒಪ್ಪಲು ಅವರಿಗೆ ಕಷ್ಟವಾದುದು ಆಶ್ಚರ್ಯವಲ್ಲ.

ಊರಿನವರು ಹಣ ಕೂಡಿಸಿ ಆತನನ್ನು ಅಮೆರಿಕಕ್ಕೆ ಕಳುಹಿಸಿದರು. ೧೯೧೨ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಒಲಿಂಪಿಕ್ ಪಂದ್ಯಗಳಿಗೆ ಆರಿಸಲ್ಪಟ್ಟನು. ಅಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ನೂರು ಮೀಟರು ಈಜಿನ ಉಪಾಂತ್ಯ ಸ್ಪರ್ಧೆಯ ಹೊತ್ತು ತಿಳಿಯದೆ ಅಮೆರಿಕದ ಈಜುಗಾರರು ಬರಲೇ ಇಲ್ಲ. ನಿಯಮದಂತೆ ಅವರು ಹೊರಬಿದ್ದಂತೆಯೇ ಸರಿ. ಆಗ ಆಸ್ಟ್ರೇಲಿಯದ ಈಜುಗಾರ ಸೆಸಿಲ್ ಹೀಲಿಯು ಅವರ ಪರವಾಗಿ ನಿಂತು, ಜಗತ್ತಿನ ಅತಿವೇಗದ ಈಜುಗಾರನನ್ನು ಬಿಟ್ಟು ಗೆದ್ದರೆ ಅದು ಗೆಲುವೇ ಅಲ್ಲವೆಂದು ವಾದಿಸಿದನೆಂದು ಹೇಳುತ್ತಾರೆ. ಮತ್ತೊಂದು ಉಪಾಂತ್ಯ ಸ್ಪರ್ಧೆಯನ್ನು ಏರ್ಪಡಿಸಲಾಯಿತು. ಅಂತಿಮದಲ್ಲಿ ಡ್ಯೂಕನಿಗೆ ಚಿನ್ನ. ಬೆಳ್ಳಿ ಯಾರಿಗೆಂದರೆ, ಆ ಹೀಲಿಗೇ. ತಾನು ಒಳಗೆ ಕರೆಸಿದವನಿಂದಲೇ ಸೋತ ಈ ಉದಾರಿ ೧೯೧೮ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದನು.

ಆ ಸ್ನೇಹದ ನೆನಪಿನ್ನೂ ಹಸಿಯಾಗಿರುವಾಗಲೇ ಡ್ಯೂಕನು ಆಸ್ಟ್ರೇಲಿಯಕ್ಕೆ ಹೋದನು. ೧೯೧೪ರ ಕೊನೆ. ಆತನನ್ನು ಕರೆಸಿದುದು ಈಜಿನ ಪ್ರದರ್ಶನಕ್ಕೆ. ಆದರೆ ಸಿಡ್ನಿಯ ಉತ್ತರಕ್ಕಿರುವ ಫ್ರೆಶ್‌ವಾಟರ್ ಎಂಬ ತೀರದಲ್ಲಿ ಎದ್ದೆದ್ದು ಬರುತ್ತಿದ್ದ ತೆರೆಗಳನ್ನು ಕಂಡ ಮೇಲೆ ಆತನ ಮನಸ್ಸು ನಿಲ್ಲಲಿಲ್ಲ. ಹಲಗೆಯನ್ನು ಜೊತೆಯಲ್ಲಿ ತಂದಿರಲಿಲ್ಲ. ಅಲ್ಲಿಯೇ ಪೈನ್ ಮರದ ದಿಮ್ಮಿಯೊಂದನ್ನು ತರಿಸಿ ಕೈಯಾರೆ ಕೆತ್ತಿ ಹಲಗೆ ಮಾಡಿಕೊಂಡನು. ಕ್ರಿಸ್‌ಮಸ್ಸಿನ ಹಿಂದಿನ ದಿನ ತೆರೆಗಳಾಚೆಗೆ ಹೋಗಿ, ತಿರುಗಿ, ನೆಟ್ಟಗೆ ನಿಂತು, ತೇಲಿ ಬಂದನು. ಆಸ್ಟ್ರೇಲಿಯದವರು ತೆರೆಯಲ್ಲಿ ಮೈಯೊಡ್ಡಿ ಜಾರುವುದನ್ನು ಬಲ್ಲರು. ಹಲಗೆಗಳನ್ನು ತಂದು ನೋಡಿದವರೂ ಆ ಮೊದಲೇ ಇದ್ದರು. ನಿಂತು ಸವಾರಿ ಮಾಡುವ ಮರ್ಮ ಮಾತ್ರ ತಿಳಿದಿರಲಿಲ್ಲ.

ಜನವರಿ ೧೯೧೫ರಲ್ಲಿ ಮತ್ತೆ ಪ್ರದರ್ಶನವಾಯಿತು. ಆ ಬೇಸಿಗೆಯಲ್ಲಿ (ಆಸ್ಟ್ರೇಲಿಯದಲ್ಲಿ ಅದು ಬೇಸಿಗೆ ಎಂಬುದನ್ನು ಓದುಗರು ನೆನಪಿಡಬೇಕು) ಇಸಬೆಲ್ ಲೆಥಮ್ ಎಂಬ ಹದಿನೈದು ವರ್ಷದ ಹುಡುಗಿಯನ್ನು ಡ್ಯೂಕನು ಹಲಗೆಯ ಮುಂದುಗಡೆ ಕೂಡಿಸಿಕೊಂಡು ಕಡಲಿಗೆ ಹೋದನು. ತೆರೆಯ ನೆತ್ತಿಯಿಂದ ಕೆಳಗೆ ನೋಡಿದಾಗ ಹುಡುಗಿಗೆ ಬೆಟ್ಟದ ಕೊಡಲಿನ ಅಂಚಿನಲ್ಲಿ ನಿಂತಂತಾಯಿತಂತೆ. ಬೇಡವೆಂದು ಕೂಗಿಕೊಂಡಳು. ಹಲವು ತೆರೆಗಳನ್ನು ಹಾಗೆಯೇ ಬಿಟ್ಟ ಮೇಲೆ ಡ್ಯೂಕನು ಆಕೆಯ ಕತ್ತಿನ ಹಿಂಭಾಗವನ್ನು ಹಿಡಿದು ಎತ್ತಿ ನಿಲ್ಲಿಸಿದನು. ಆ ಗಳಿಗೆಯಿಂದ ಆಕೆಯ ಬಾಳೇ ಬೇರೆಯಾಯಿತು. ಮುಂದೆ ಆಕೆ ಅಮೆರಿಕಕ್ಕೆ ಹೋಗಿ ಈಜಿನ ಶಿಕ್ಷಕಿಯಾದಳು. ತಾಯ್ನಾಡಿಗೆ ಮರಳಿ ತಲೆಮಾರುಗಳ ಮಕ್ಕಳಿಗೆ ಕಲಿಸಿದಳು. ೧೯೯೫ರಲ್ಲಿ ಆಕೆ ತೀರಿಕೊಂಡಾಗ ಚಿತಾಭಸ್ಮವನ್ನು ಫ್ರೆಶ್‌ವಾಟರಿನ ಕಡಲಲ್ಲಿಯೇ ಚೆಲ್ಲಿದರು. ಡ್ಯೂಕನು ಕೆತ್ತಿದ ಆ ಹಲಗೆಯನ್ನು ಅಲ್ಲಿಯ ಜೀವರಕ್ಷಕರ ಸಂಘ ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದೆ. ಮಹಿಳೆಯರ ಜಗಜ್ಜಟ್ಟಿ ಪದವಿಯನ್ನು ಎಂಟು ಬಾರಿ ಗೆದ್ದ ಸ್ಟೆಫನಿ ಗಿಲ್ಮೋರ್ ಆ ಆಸ್ಟ್ರೇಲಿಯದವಳೇ.

ಡ್ಯೂಕನ ಯೌವನದ ಮಧ್ಯಾಹ್ನವನ್ನು ಮಹಾಯುದ್ಧ ನುಂಗಿತು. ೧೯೧೬ರ ಒಲಿಂಪಿಕ್ ಪಂದ್ಯಗಳು ನಡೆಯಲಿಲ್ಲ. ೧೯೨೦ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿ, ತನ್ನ ಮೂವತ್ತನೆಯ ಹುಟ್ಟುಹಬ್ಬದ ದಿನ, ನೂರು ಮೀಟರನ್ನು ಹೊಸ ದಾಖಲೆಯೊಡನೆ ಗೆದ್ದನು. ಪ್ರತಿಸ್ಪರ್ಧಿಯ ಕಡೆಯಿಂದ ತಕರಾರು ಬಂದು ಸ್ಪರ್ಧೆಯನ್ನು ಮತ್ತೆ ನಡೆಸಬೇಕಾಯಿತು, ಮತ್ತೆ ಗೆದ್ದನು. ೧೯೨೪ರಲ್ಲಿ ಪ್ಯಾರಿಸ್ಸಿನಲ್ಲಿ ಸೋತನು. ಗೆದ್ದವನು ಜಾನಿ ವೈಸ್‌ಮುಲ್ಲರ್, ಮುಂದೆ ಚಲನಚಿತ್ರಗಳಲ್ಲಿ ಟಾರ್ಜನ್ ಆಗಿ ಕುಣಿದ ಅದೇ ಮನುಷ್ಯ. ಬೆಳ್ಳಿ ಡ್ಯೂಕನಿಗೆ, ಕಂಚು ಆತನ ತಮ್ಮ ಸ್ಯಾಮ್ಯುಯೆಲನಿಗೆ.

ವೈಸ್‌ಮುಲ್ಲರನಿಗೆ ಚಲನಚಿತ್ರ ಸಾಮ್ರಾಜ್ಯವನ್ನೇ ಕೊಟ್ಟಿತು. ಡ್ಯೂಕನೂ ಹಾಲಿವುಡ್ಡಿನಲ್ಲಿ ವರ್ಷಗಟ್ಟಲೆ ಇದ್ದನು. ನೋಡಲು ಸುಂದರ, ಮೈಕಟ್ಟು ಶಿಲ್ಪಿಯ ಕೈಯಿಂದ ಇಳಿದಂತೆ. ಸಿಕ್ಕಿದ ಪಾತ್ರಗಳು ಮಾತ್ರ ಕಾಡುಜನರ ನಾಯಕ, ಬಂಟ, ಇಂಥವೇ. ಕಂದುಬಣ್ಣದವನನ್ನು ನಾಯಕನನ್ನಾಗಿ ತೋರಿಸುವ ಧೈರ್ಯ ಅಂದಿನ ನಿರ್ಮಾಪಕರಿಗಿರಲಿಲ್ಲ. ಹವ್ಯಾಸಿಗಳ ನಿಯಮದಿಂದಾಗಿ ಈಜಿನಿಂದ ಹಣ ಸಂಪಾದಿಸುವಂತೆಯೂ ಇರಲಿಲ್ಲ. ಊರಿಗೆ ಮರಳಿ ಪೆಟ್ರೋಲ್ ಅಂಗಡಿ ನೋಡಿಕೊಂಡನು. ಕೊನೆಗೆ ಜನರೇ ಆತನನ್ನು ಹೊನೊಲುಲುವಿನ ಷೆರೀಫನನ್ನಾಗಿ ಚುನಾಯಿಸಿ, ಹದಿಮೂರು ಬಾರಿ ಅದೇ ಪದವಿಯಲ್ಲಿ ಕೂರಿಸಿದರು. ಊರಿಗೆ ಬಂದ ಗಣ್ಯರಿಗೆ ಹೂಮಾಲೆ ಹಾಕಿ ಸ್ವಾಗತಿಸುವುದೂ ಆತನ ಪಾಲಿಗೆ ಬಂತು. ಇಡೀ ದ್ವೀಪ ಪ್ರವಾಸಿಗಳ ವ್ಯಾಪಾರಕ್ಕೆ ತೆರೆದುಕೊಂಡಾಗ ಡ್ಯೂಕನ ಮುಖವೇ ಅದರ ಜಾಹೀರಾತಾಯಿತು. ಲಾಭ ಬಹುಮಟ್ಟಿಗೆ ಬೇರೆಯವರದಾಯಿತು. ಆತ ಕಹಿಯಾಡಿದವನಲ್ಲ. ಸಂಜೆ ಬಿಡುವಾದರೆ ಹಲಗೆ ತೆಗೆದುಕೊಂಡು ವೈಕಿಕಿಗೆ ಹೋಗುವುದು ವಾಡಿಕೆ. ೧೯೩೦ರ ಸುಮಾರಿಗೆ ಹಳೆಯ ನಾಯಕರ ಓಲೊ ಹಲಗೆಯ ಮಾದರಿಯಲ್ಲಿ ಕೋಆ ಮರದಿಂದ ಒಂದನ್ನು ಮಾಡಿಕೊಂಡಿದ್ದನು: ಉದ್ದ ೧೬ ಅಡಿ, ತೂಕ ೧೧೪ ಪೌಂಡು.

ಡ್ಯೂಕನಿಂದ ಬೆಳಕು ಪಡೆದವರು ಹಲವರು. ಅವರಲ್ಲಿ ಇಬ್ಬರನ್ನಾದರೂ ಹೆಸರಿಸದಿದ್ದರೆ ಅನ್ಯಾಯವಾದೀತು.

ಒಬ್ಬನು ಟಾಮ್ ಬ್ಲೇಕ್. ೧೯೦೨ರಲ್ಲಿ ಅಮೆರಿಕದ ಒಳನಾಡಾದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ, ತಾಯಿಯಿಲ್ಲದೆ ಬೆಳೆದ ಹುಡುಗ. ೧೯೨೦ರಲ್ಲಿ ಡೆಟ್ರಾಯ್ಟ್ ನಗರದ ಚಿತ್ರಮಂದಿರವೊಂದರ ಪಡಸಾಲೆಯಲ್ಲಿ, ಒಲಿಂಪಿಕ್ಕಿನಿಂದ ಹಿಂತಿರುಗುತ್ತಿದ್ದ ಡ್ಯೂಕನ ಕೈ ಕುಲುಕಿದನು. ಅಷ್ಟೇ. ಆ ಕೈಕುಲುಕು ಆತನನ್ನು ಕಡಲ ಕಡೆಗೆ ನಡೆಸಿತು. ಹವಾಯಿಗೆ ಹೋಗಿ, ಅಲ್ಲಿಯ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಓಲೊ ಹಲಗೆಗಳನ್ನು ದುರಸ್ತಿ ಮಾಡಿ ಅವುಗಳ ಗುಟ್ಟನ್ನು ಅರಿತನು. ಹಾಗೆಯೇ ಮಾಡಿದರೆ ಹಲಗೆ ಹೊರಲಾರದಷ್ಟು ಭಾರ. ಮರದ ಒಳಗನ್ನು ಟೊಳ್ಳುಮಾಡಿದರೆ ಹೇಗೆ ಎಂದು ಯೋಚಿಸಿ, ರಂಧ್ರಗಳನ್ನು ಕೊರೆದು, ಮೇಲೆ ತೆಳುವಾದ ಮರ ಹೊದಿಸಿ, ಟೊಳ್ಳು ಹಲಗೆಯನ್ನು ಕಂಡುಹಿಡಿದನು. ೧೯೩೫ರಲ್ಲಿ ಮೋಟಾರು ದೋಣಿಯೊಂದರ ಅಡಿಯಲ್ಲಿದ್ದ ಲೋಹದ ಪಟ್ಟಿಯನ್ನು ಹಲಗೆಯ ಹಿಂತುದಿಗೆ ಜೋಡಿಸಿ ನೋಡಿದನು. ಅದುವರೆಗೆ ಹಲಗೆಯ ಹಿಂಭಾಗ ತೆರೆಯಲ್ಲಿ ಅಡ್ಡಾದಿಡ್ಡಿ ಜಾರುತ್ತಿತ್ತು, ಸವಾರನು ಕಾಲನ್ನು ನೀರಿಗಿಳಿಸಿ ತಿರುಗಿಸಬೇಕಾಗಿತ್ತು. ಮೀನಿನ ರೆಕ್ಕೆಯಂಥ ಈ ಒಂದು ಅಲಗಿನಿಂದ ಹಲಗೆ ಸವಾರನ ಮಾತು ಕೇಳತೊಡಗಿತು. ಇಂದಿನ ಹಲಗೆಗಳಲ್ಲಿ ಮರವೇ ಇಲ್ಲದಿರಬಹುದು. ಗಟ್ಟಿ ನೊರೆಯಂಥ ಕೃತಕ ವಸ್ತುವಿನ ಮೇಲೆ ಗಾಜಿನೆಳೆಯ ಹೊದಿಕೆ. ಆದರೆ ರೆಕ್ಕೆಯಿಲ್ಲದ ಹಲಗೆ ಅಪರೂಪ. ೧೯೮೦ರ ಸುಮಾರಿಗೆ ಆಸ್ಟ್ರೇಲಿಯದ ಸೈಮನ್ ಆಂಡರ್ಸನ್ ಒಂದರ ಬದಲು ಮೂರು ರೆಕ್ಕೆ ಹಚ್ಚಿದನು. ಅದೇ ಇಂದಿನ ವಾಡಿಕೆ.

ಮತ್ತೊಬ್ಬನ ಕಥೆ ಇಷ್ಟು ಸಲೀಸಾಗಿ ಹೇಳಿ ಮುಗಿಸುವಂಥದಲ್ಲ. ಆತ ಎಡ್ಡಿ ಐಕಾವ್. ೧೯೪೬ರಲ್ಲಿ ಮಾವುಯಿ ದ್ವೀಪದಲ್ಲಿ ಹುಟ್ಟಿದವನು, ಹವಾಯಿಯ ಮೂಲರಕ್ತದವನು. ಶಾಲೆ ಬಿಟ್ಟು ಅನಾನಸು ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೂಲಿ ಮಾಡಿದನು. ಒವಾಹು ದ್ವೀಪದ ಉತ್ತರ ತೀರದಲ್ಲಿ ವೈಮಿಯ ಎಂಬ ಕೊಲ್ಲಿಯಿದೆ. ಚಳಿಗಾಲದಲ್ಲಿ ಅಲ್ಲಿ ಏಳುವ ತೆರೆ ಒಮ್ಮೊಮ್ಮೆ ಮೂರು ನಾಲ್ಕು ಮಹಡಿಯ ಮನೆಯಷ್ಟು ಎತ್ತರ. ೧೯೬೭ರ ನವೆಂಬರಿನಲ್ಲಿ ಅಂಥ ತೆರೆಗಳನ್ನೇರಿ ಎಡ್ಡಿ ಹೆಸರು ಮಾಡಿದನು. ಮರುವರ್ಷ, ಎಂದರೆ ೧೯೬೮ರಲ್ಲಿ, ಉತ್ತರ ತೀರಕ್ಕೆ ನೇಮಕವಾದ ಮೊದಲ ಜೀವರಕ್ಷಕನಾದನು. ಅದೇ ವರ್ಷದ ಜನವರಿ ೨೨ರಂದು ವೃದ್ಧ ಡ್ಯೂಕನು ತೀರಿಕೊಂಡಿದ್ದನು; ದೋಣಿಗಳ ಮೆರವಣಿಗೆಯಲ್ಲಿ ಆತನ ಭಸ್ಮವನ್ನು ವೈಕಿಕಿಯ ಕಡಲಲ್ಲಿ ಬಿಟ್ಟಿದ್ದರು.

ಎಡ್ಡಿ ಕಾವಲಿದ್ದ ವರ್ಷಗಳಲ್ಲಿ ವೈಮಿಯದಲ್ಲಿ ಒಂದೂ ಸಾವು ಸಂಭವಿಸಲಿಲ್ಲ. ಆತ ಎಳೆದುತಂದವರು ಐನೂರಕ್ಕೂ ಹೆಚ್ಚು ಜನರೆಂದು ಎಣಿಕೆ. ಬೇರೆಯವರು ನೀರಿಗಿಳಿಯಲು ಹಿಂಜರಿಯುವ ದಿನ ಆತ ಇಳಿಯುತ್ತಿದ್ದನು. ೧೯೭೦ರ ದಶಕದ ಆರಂಭದಲ್ಲಿ ಸ್ಪರ್ಧೆಗೆಂದು ದಕ್ಷಿಣ ಆಫ್ರಿಕದ ಡರ್ಬನ್ನಿಗೆ ಹೋದಾಗ, ಮೈಬಣ್ಣದ ಕಾರಣದಿಂದ, ಸಂಗಡಿಗರು ಇಳಿದುಕೊಂಡ ಹೋಟೆಲಿನಲ್ಲಿ ಆತನಿಗೆ ಸ್ಥಳ ಸಿಗಲಿಲ್ಲ. ಡ್ಯೂಕನ ಹೆಸರಿನಲ್ಲಿ ೧೯೬೫ರಿಂದ ನಡೆಯುತ್ತಿದ್ದ ಸ್ಪರ್ಧೆಯನ್ನು ಗೆಲ್ಲಬೇಕೆಂಬುದು ಎಡ್ಡಿಯ ಬಹುಕಾಲದ ಬಯಕೆ. ೧೯೭೭ರಲ್ಲಿ ಅದನ್ನೂ ಗೆದ್ದನು.

ಆ ದಿನಗಳಲ್ಲಿ ಹವಾಯಿಯ ಜನ ಕಳೆದುಹೋದ ತಮ್ಮ ವಿದ್ಯೆಗಳನ್ನು ಮತ್ತೆ ಹುಡುಕುತ್ತಿದ್ದರು. ಪೂರ್ವಿಕರು ದಿಕ್ಸೂಚಿಯಿಲ್ಲದೆ ನಕ್ಷತ್ರ ಮತ್ತು ತೆರೆಗಳನ್ನು ನೋಡಿ ಸಾವಿರಾರು ಮೈಲು ದಾಟುತ್ತಿದ್ದರೆಂಬುದನ್ನು ತೋರಿಸಲು 'ಹೋಕೂಲೆಅ' ಎಂಬ ಜೋಡಿದೋಣಿಯನ್ನು ಕಟ್ಟಿದ್ದರು. ೧೯೭೬ರಲ್ಲಿ ಅದು ತಾಹಿತಿಗೆ ಹೋಗಿ ಬಂದಿತ್ತು. ಎರಡನೆಯ ಯಾತ್ರೆಗೆ ಎಡ್ಡಿ ಸೇರಿಕೊಂಡನು. ೧೯೭೮ರ ಮಾರ್ಚ್ ೧೬ರ ಸಂಜೆ ಹೊನೊಲುಲುವಿನಿಂದ ಹೊರಟ ದೋಣಿ ಮೊಲೊಕಾಯಿ ಕಾಲುವೆಯ ಬಿರುಗಾಳಿಗೆ ಸಿಕ್ಕಿ ನಡುರಾತ್ರಿ ಮಗುಚಿತು. ಜನ ದೋಣಿಯ ಬೆನ್ನನ್ನು ಹಿಡಿದುಕೊಂಡು ಬೆಳಗಾಗುವವರೆಗೆ ತೇಲಿದರು. ಮೇಲೆ ವಿಮಾನಗಳು ಹಾದುಹೋದವು, ಯಾರೂ ಕಾಣಲಿಲ್ಲ. ಗಾಳಿ ದೋಣಿಯನ್ನು ಹಡಗಿನ ದಾರಿಯಿಂದ ದೂರಕ್ಕೆ ಒಯ್ಯುತ್ತಿತ್ತು. ದಿನದ ಬೆಳಕಿನಲ್ಲಿ ಎಡ್ಡಿ ನಾಯಕನನ್ನು ಕೇಳಿ ಅನುಮತಿ ಪಡೆದು, ತನ್ನ ಹಲಗೆಯ ಮೇಲೆ ಲಾನಾಯಿ ದ್ವೀಪದ ಕಡೆಗೆ ಹೊರಟನು. ಸಹಾಯ ತರುವುದು ಆತನ ಉದ್ದೇಶ. ಕೈಬೀಸಿಗೆ ಅಡ್ಡಿಯಾಗುತ್ತದೆಂದು ರಕ್ಷಾಕವಚವನ್ನು ಕಳಚಿದುದನ್ನು ಸಂಗಡಿಗರು ಕಂಡರು. ತೆರೆಯೊಂದು ಎದ್ದು ಇಳಿದಾಗ ಹಲಗೆ ಕಾಣಿಸಿತು. ಇನ್ನೊಂದು ಎದ್ದು ಇಳಿದಾಗ ಕಾಣಿಸಲಿಲ್ಲ.

ಅದೇ ದಿನ ರಾತ್ರಿಯ ಹೊತ್ತಿಗೆ ವಿಮಾನವೊಂದರವರು ದೋಣಿಯ ಬೆಳಕಿನ ಬಾಣವನ್ನು ನೋಡಿದರು. ಉಳಿದವರೆಲ್ಲರೂ ಪಾರಾದರು. ಎಡ್ಡಿಗಾಗಿ ವಿಮಾನಗಳೂ ಹಡಗುಗಳೂ ದಿನಗಟ್ಟಲೆ ಹುಡುಕಿದವು. ಹಲಗೆ ಕೂಡ ಸಿಗಲಿಲ್ಲ. ಆತನಿಗೆ ಆಗ ೩೧ ವರ್ಷ. ಆ ದೋಣಿಯನ್ನು ಮತ್ತೆ ಸಜ್ಜುಗೊಳಿಸಿ, ಹವಾಯಿಯವನೇ ಆದ ನೈನೋವ ಥಾಂಪ್ಸನ್ನನ ಮಾರ್ಗದರ್ಶನದಲ್ಲಿ ೧೯೮೦ರಲ್ಲಿ ತಾಹಿತಿಗೆ ಕೊಂಡೊಯ್ದರು. ಎಡ್ಡಿ ನೋಡಬೇಕೆಂದಿದ್ದ ದ್ವೀಪ ಅದು.

ಈ ಆಟ ಇಂದು ಎಲ್ಲಿಗೆ ಮುಟ್ಟಿದೆಯೆಂದರೆ, ೨೦೦೪ರಲ್ಲಿ ಮಂಗಳೂರಿನ ಉತ್ತರಕ್ಕಿರುವ ಮೂಲ್ಕಿಯಲ್ಲಿ, ಅಮೆರಿಕದಿಂದ ಬಂದ ಸಂನ್ಯಾಸಿಯೊಬ್ಬರ ಆಶ್ರಮದಲ್ಲಿ ತೆರೆಸವಾರಿಯ ಸಂಘವೊಂದು ಹುಟ್ಟಿತು. ೨೦೧೬ರಲ್ಲಿ ಸಮೀಪದ ಸಸಿಹಿತ್ಲುವಿನಲ್ಲಿ ಅಖಿಲ ಭಾರತ ಸ್ಪರ್ಧೆ ನಡೆಯಿತು. ತೆರೆಸವಾರಿಯನ್ನು ಒಲಿಂಪಿಕ್ಕಿಗೆ ಸೇರಿಸಬೇಕೆಂದು ಡ್ಯೂಕನು ನೂರು ವರ್ಷಗಳ ಹಿಂದೆ ಆಸೆಪಟ್ಟಿದ್ದನು. ೨೦೨೧ರಲ್ಲಿ ಜಪಾನಿನಲ್ಲಿ ಅದು ಈಡೇರಿತು. ಮಹಿಳೆಯರ ಮೊದಲ ಚಿನ್ನ ಗೆದ್ದವಳು ಕರಿಸ್ಸಾ ಮೂರ್. ಹೊನೊಲುಲುವಿನಲ್ಲಿ ಹುಟ್ಟಿ ವೈಕಿಕಿಯಲ್ಲಿ ತೆರೆಯೇರಲು ಕಲಿತ ಹುಡುಗಿ.

ವೈಕಿಕಿಯಲ್ಲಿ ೧೯೯೦ರಲ್ಲಿ ನಿಲ್ಲಿಸಿದ ಡ್ಯೂಕನ ಕಂಚಿನ ಪ್ರತಿಮೆಗೆ ದಿನವೂ ಹೂಮಾಲೆ ಬೀಳುತ್ತದೆ. ಪ್ರತಿಮೆ ಬೀದಿಗೆ ಮುಖಮಾಡಿದೆ, ಕಡಲಿಗೆ ಬೆನ್ನು. ಪ್ರವಾಸಿಗಳ ಛಾಯಾಚಿತ್ರದಲ್ಲಿ ಹಿಂದೆ ಕಡಲು ಕಾಣುತ್ತದೆ, ನಿಜ. ಕಡಲಿಗೆ ಬೆನ್ನು ತಿರುಗಿಸುವ ತೆರೆಸವಾರ ಯಾರಿದ್ದಾನೆಂದು ಹಳಬರು ಆಕ್ಷೇಪಿಸಿದರು. ಅವರ ಮಾತು ನ್ಯಾಯವಾದುದೇ.

ಎಡ್ಡಿಯ ಸ್ಮಾರಕ ಬೇರೆ ಬಗೆಯದು. ಆತನ ಹೆಸರಿನ ಸ್ಪರ್ಧೆ ವೈಮಿಯದಲ್ಲಿ ನಡೆಯುವುದು ತೆರೆ ಸುಮಾರು ನಾಲ್ವತ್ತು ಅಡಿ ಎದ್ದ ದಿನ ಮಾತ್ರ. ಅಷ್ಟು ಏಳದಿದ್ದರೆ ಆ ವರ್ಷ ಸ್ಪರ್ಧೆಯಿಲ್ಲ; ಎಷ್ಟೋ ವರ್ಷಗಳು ಹಾಗೆಯೇ ಕಳೆದಿವೆ. ೧೯೮೬ರಲ್ಲಿ ಅಲ್ಲಿ ಮೊದಲು ಗೆದ್ದವನು ಎಡ್ಡಿಯ ತಮ್ಮ ಕ್ಲೈಡ್. ೨೦೨೩ರಲ್ಲಿ ಆ ದಿನ ಬಂದುದು ಜನವರಿ ೨೨ಕ್ಕೆ, ಡ್ಯೂಕನ ಪುಣ್ಯತಿಥಿಯಂದು. ಆ ಸಲ ಹೆಂಗಸರೂ ಮೊದಲ ಬಾರಿಗೆ ಅಲ್ಲಿ ಸ್ಪರ್ಧೆಗಿಳಿದರು. ಗೆದ್ದವನು ಲ್ಯೂಕ್ ಷೆಪರ್ಡ್‌ಸನ್, ಆ ತೀರದ ಜೀವರಕ್ಷಕ. ಅಂದು ಆತನಿಗೆ ರಜೆಯಿರಲಿಲ್ಲ. ಕಾವಲಿನ ನಡುವೆ ಬಿಡುವು ಪಡೆದು ತೆರೆಯೇರಿದನು. ಇಳಿದ ಮೇಲೆ ಮತ್ತೆ ಕಾವಲಿಗೆ ಹೋದನು.